ಶಿವಕ್ಕನ ತಮ್ಮ ಯಾಕೆ ಸತ್ತ? ಓದುಗರ ಪ್ರಶ್ನೆ, ಲೇಖಕಿಯ ಉತ್ತರ

ಪ್ಲೇಗು ಕಾಲದ ಸೊಲ್ಲಾಪುರದ ಪ್ರೇಮಕಥೆ ನಮ್ಮಲ್ಲಿ ಧಾರಾವಾಹಿಯಾಗಿ ಬಂದು ಹೋದ ತಿಂಗಳು ಮುಗಿಯಿತು. ಓದದೇ ಇದ್ದವರಿಗೆ ಕಥೆ ಇಷ್ಟು. ಕುಂಬಾರರ ಮನೆಯ ಶಿವಕ್ಕ ಮತ್ತು ಅಡತ (ಕಾಳಿನ ದಲ್ಲಾಳಿ) ವ್ಯಾಪಾರಿಯ ಮಗ ರೇವಣ ಗಡ್ಡಾ ಜಾತ್ರೆಯಲ್ಲಿ ಭೇಟಿಯಾಗುತ್ತಾರೆ. ಅದು 1897ರ ಸಂಕ್ರಾಂತಿ. ವರ್ಷ ಮುಗಿಯುವಷ್ಟರಲ್ಲಿ ಊರಿಗೆ ಪ್ಲೇಗು ಬರುತ್ತದೆ. ಶಿವಕ್ಕನ ಮನೆಯವರು ಊರ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಾರೆ. ಹೊಟಗಿ ಸ್ಟೇಷನ್ನಿನಲ್ಲಿ ಪ್ರಯಾಣಿಕರ ತಪಾಸಣೆಗೆ ಕಾರಕೂನನಾಗಿರುವ ರೇವಣ ಸಂಜೆ ಹೊತ್ತು ಬೇಲಿಯ ತನಕ ಬಂದು ಹೋಗುತ್ತಾನೆ. ಶಿವಕ್ಕನ ತಮ್ಮ ಭೀಮ್ಯಾ ಆ ಗುಡಿಸಲಿನಲ್ಲಿದ್ದಾಗಲೇ ಬೇನೆ ಬಂದು ಸಾಯುತ್ತಾನೆ. ರೇವಣನಿಗೆ ಹುಬ್ಬಳ್ಳಿಗೆ ವರ್ಗವಾಗುತ್ತದೆ. ಮದುವೆ ಆಗುವುದಿಲ್ಲ. ಲೇಖಕಿ ಅಕ್ಕಲಕೋಟ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಬಂದ ಪತ್ರಗಳಲ್ಲಿ ಕೆಲವಕ್ಕೆ ಅವರ ಉತ್ತರ ಇಲ್ಲಿದೆ. (ಸಂ.)

ಪ್ರಶ್ನೆ: ಪ್ಲೇಗು ಅಂದರೆ ಸಾವು, ಸಂಕಟ. ಅದರ ನಡುವೆ ಪ್ರೇಮಕಥೆ ಬರೆಯಬೇಕು ಅಂತ ಹೇಗೆ ಹೊಳೆಯಿತು? ನಿಜವಾಗಿ ನಡೆದದ್ದೇ?
ಓದುಗರೊಬ್ಬರು, ಧಾರವಾಡ

ಉತ್ತರ: ನನಗೆ ಮೊದಲು ಹೊಳೆದದ್ದು ಪ್ಲೇಗಲ್ಲ, ಮದುವೆ. ಸೊಲ್ಲಾಪುರದ ಗಡ್ಡಾ ಜಾತ್ರೆ ನೋಡಿದ್ದೀರಾ? ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಹನ್ನೆರಡನೇ ಶತಮಾನದ ನಮ್ಮ ಸಿದ್ಧರಾಮನನ್ನು ಕುಂಬಾರರ ಹುಡುಗಿಯೊಬ್ಬಳು ಮೆಚ್ಚಿದಳು. ಮದುವೆಯಾಗು ಅಂದಳು. ಅವನು ಯೋಗಿ, ಆಗುವುದಿಲ್ಲ ಅಂದ. ಅವಳು ಹಟ ಬಿಡಲಿಲ್ಲ. ಕೊನೆಗೆ, ನನ್ನ ಯೋಗದಂಡದ ಜೊತೆ ಬೇಕಾದರೆ ಮದುವೆಯಾಗು ಅಂದ. ಅವಳು ಆದಳು. ಆಮೇಲೆ ಬೆಂಕಿಗೆ ಹೋದಳು.

ಆ ಮದುವೆ ಇವತ್ತಿಗೂ ಪ್ರತಿ ಸಂಕ್ರಾಂತಿಗೆ ನಡೆಯುತ್ತದೆ. ಏಳು ನಂದಿಕೋಲು ಹೊರಡುತ್ತವೆ. ಮೊದಲ ದಿನ 68 ಲಿಂಗಗಳಿಗೆ ಎಣ್ಣೆಮಜ್ಜನ, ಮರುದಿನ ಸಮ್ಮತಿ ಕಟ್ಟೆಯ ಹತ್ತಿರ ಅಕ್ಷತೆ, ಅದಾದ ಮೇಲೆ ಹೋಮ. ಬಿಳಿ ಬಾರಾಬಂದಿ ತೊಟ್ಟ ಗಂಡಸರು, ಇರುವೆ ನುಸುಳಲಾರದಷ್ಟು ಜನ. ‘ಸತ್ಯಂ ಸತ್ಯಂ, ದಿಡ್ಡಂ ದಿಡ್ಡಂ’ ಅಂತ ಕೂಗು ಬಂದ ಕೂಡಲೇ ಎಲ್ಲರೂ ಅಕ್ಕಿಕಾಳು ಎರಚುತ್ತಾರೆ. ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಮದುಮಗ ಯಾರು ಅಂತ ಕೇಳಿದ್ದೆ. ‘ಆ ಕೋಲು ನೋಡವ್ವಾ’ ಅಂದಿದ್ದರು ಅಪ್ಪ. ನನಗೆ ಭಾರೀ ಸಿಟ್ಟು ಬಂದಿತ್ತು. ಇಷ್ಟು ದೊಡ್ಡ ಮದುವೆ, ಇಷ್ಟು ಜನ, ಕೈ ಹಿಡಿಯೋಕೆ ಕೋಲು! ಆ ಸಿಟ್ಟು ಒಳಗೇ ಉಳಿದಿತ್ತು ಅಂತ ಕಾಣುತ್ತದೆ.

ಪ್ಲೇಗು ಬಂದದ್ದು ಅಜ್ಜಿಯ ಕಡೆಯಿಂದ. ನಮ್ಮ ಸೀಮೆಯಲ್ಲಿ ಪ್ಲೇಗು ಒಂದು ಸಲ ಬಂದು ಹೋದದ್ದಲ್ಲ. ಇಪ್ಪತ್ತು ಮೂವತ್ತು ವರ್ಷ ಮತ್ತೆ ಮತ್ತೆ ಬಂತು. ಹಾಗಾಗಿ ಅಜ್ಜಿಗೆ ಅದು ಇತಿಹಾಸ ಅಲ್ಲ, ಮನೆಗೆಲಸದ ಹಾಗೆ ರೂಢಿ. ‘ಮಾಳಿಗಿಯಿಂದ ಇಲಿ ಬಿತ್ತಂದ್ರ ಮಾತಾಡೂದಿಲ್ಲ, ಗಡಿಗಿ ಎತ್ತೂದು, ಹೊಲಕ್ಕ ನಡಿಯೂದು’ ಅನ್ನುತ್ತಿದ್ದಳು. ಅವಳ ಅವ್ವನ ಮದುವೆ ಆದದ್ದೇ ಹೊಲದಲ್ಲಿ, ಕಣದ ಮೇಲೆ. ಊರು ಖಾಲಿ, ಬೀಗರು ಹತ್ತೇ ಹತ್ತು ಜನ, ಊಟಕ್ಕೆ ರೊಟ್ಟಿ, ಶೇಂಗಾ ಚಟ್ನಿ. ಆದರೂ ಮದುವೆ ನಿಲ್ಲಲಿಲ್ಲ. ಈ ಎರಡು ಮದುವೆ ನನ್ನ ತಲೆಯಲ್ಲಿ ಒಟ್ಟಿಗೆ ಕೂತವು. ಇನ್ನು ಸಾವಿನ ನಡುವೆ ಪ್ರೇಮ ಎಲ್ಲಿಂದ ಬಂತು ಅನ್ನುವ ನಿಮ್ಮ ಅನುಮಾನಕ್ಕೆ ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಹದಿನೆಂಟು ವರ್ಷದ ಹುಡುಗಿ ಪ್ಲೇಗು ಮುಗಿಯಲಿ ಅಂತ ಮೂವತ್ತು ವರ್ಷ ಕಾಯುತ್ತಾಳಾ?

ಪ್ರಶ್ನೆ: ಜನವರಿ 12ಕ್ಕೆ ಸಂಕ್ರಾಂತಿ ಅಂತ ಬರೆದಿದ್ದೀರಿ. ಸಂಕ್ರಾಂತಿ 14ಕ್ಕೆ ಅಲ್ವಾ? ಸಂಪಾದಕರು ನೋಡಲಿಲ್ಲವೇ?
ಓದುಗರೊಬ್ಬರು, ಕಲಬುರಗಿ

ಉತ್ತರ: ಸಂಪಾದಕರೂ ಇದನ್ನೇ ಕೇಳಿದರು. ಸಂಕ್ರಾಂತಿ ಎಪ್ಪತ್ತು ಚಿಲ್ಲರೆ ವರ್ಷಕ್ಕೆ ಒಂದು ದಿನ ಮುಂದಕ್ಕೆ ಹೋಗುತ್ತದೆ. ಈಗ ಕೆಲವು ವರ್ಷ 15ಕ್ಕೆ ಬರುವುದನ್ನು ನೀವೇ ನೋಡಿದ್ದೀರಿ. ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12ರಂದು, ಅದು ಸಂಕ್ರಾಂತಿಯ ದಿನ. 1897ರಲ್ಲೂ ಹೆಚ್ಚುಕಡಿಮೆ ಅಲ್ಲೇ ಇತ್ತು.

ಪ್ರಶ್ನೆ: ಇಡೀ ಕಾದಂಬರಿಯಲ್ಲಿ ನಾಯಕ ನಾಯಕಿ ಒಬ್ಬರನ್ನೊಬ್ಬರು ಮುಟ್ಟುವುದು ಒಂದೇ ಸಲ, ಅದೂ ಜಾತ್ರೆಯ ಗದ್ದಲದಲ್ಲಿ. ಇದನ್ನು ಪ್ರೇಮಕಥೆ ಅನ್ನಬಹುದೇ? ನಮಗೆ ಸ್ವಲ್ಪ ಮೋಸವಾಯಿತು.
ಗೆಳತಿಯರಿಬ್ಬರು, ಮೈಸೂರು

ಉತ್ತರ: ಮೋಸ ಅಂದರೆ ಮೋಸವೇ ಇರಲಿ! ಆದರೆ ರೇವಣನ ಕೆಲಸ ಏನು ಅಂತ ಒಮ್ಮೆ ನೆನಪಿಸಿಕೊಳ್ಳಿ.

1896ರ ಸೆಪ್ಟೆಂಬರಿನಲ್ಲಿ ಮುಂಬೈಯ ಮಾಂಡ್ವಿಯಲ್ಲಿ ಡಾ. ವಿಯೇಗಸ್ ಅನ್ನುವವರು ಇದು ಪ್ಲೇಗು ಅಂತ ಗುರುತು ಹಿಡಿದರು. ಚಳಿಗಾಲ ಮುಗಿಯುವುದರೊಳಗೆ ಲಕ್ಷಗಟ್ಟಲೆ ಜನ ಮುಂಬೈ ಬಿಟ್ಟು ಓಡಿದರು. ಮಿಲ್ಲಿನವರು ತಮ್ಮ ತಮ್ಮ ಊರಿಗೆ ಹೊರಟರು. ಸರ್ಕಾರ 1897ರ ಫೆಬ್ರುವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಹೊರಗೆ ತೆಗೆದದ್ದು ಅದೇ ಕಾಯ್ದೆಯನ್ನೇ. ಅದು ಕೊಟ್ಟ ಅಧಿಕಾರದಲ್ಲಿ ಸ್ಟೇಷನ್ನುಗಳಲ್ಲಿ ತಪಾಸಣೆ ಶುರುವಾಯಿತು. ಗಾಡಿ ನಿಂತ ಕೂಡಲೇ ಎಲ್ಲರನ್ನೂ ಇಳಿಸಿ ಸಾಲಾಗಿ ನಿಲ್ಲಿಸುವುದು. ಮೈ ಬಿಸಿ ಇದೆಯಾ ಅಂತ ನೋಡುವುದು. ಕಂಕುಳು, ಕುತ್ತಿಗೆ, ತೊಡೆಸಂದಿಗೆ ಕೈ ಹಾಕಿ ಗಂಟು ಇದೆಯಾ ಅಂತ ಹುಡುಕುವುದು. ಹೆಂಗಸರನ್ನೂ ಬಿಡಲಿಲ್ಲ. ಊರಿಗೆ ಊರೇ ಸಿಟ್ಟಿಗೆದ್ದದ್ದು ಸಾವಿಗಿಂತ ಜಾಸ್ತಿ ಈ ಕೈಗೆ.

ರೇವಣ ಅಲ್ಲಿ ಹೆಸರು ಬರೆಯುವವನು. ಅವನ ಕಣ್ಣೆದುರು ಪರಕೀಯ ಡಾಕ್ಟರೊಬ್ಬ ದಿನಾ ನೂರಾರು ಜನರನ್ನು ಮುಟ್ಟುತ್ತಾನೆ. ಸಂಜೆ ಇವನು ಬೇಲಿಯ ಈಚೆ ನಿಂತು ಶಿವಕ್ಕನ ಜೊತೆ ಮಾತಾಡುತ್ತಾನೆ, ನೀರಿನ ಕೊಡ ಕೆಳಗಿಟ್ಟು ಹಿಂದೆ ಸರಿಯುತ್ತಾನೆ, ಆಮೇಲೆ ಅವಳು ಬಂದು ಎತ್ತಿಕೊಳ್ಳುತ್ತಾಳೆ. ಸರ್ಕಾರ ಯಾರನ್ನಾದರೂ ಮುಟ್ಟಬಹುದು, ರೇವಣ ಒಬ್ಬಳನ್ನು ಮುಟ್ಟುವ ಹಾಗಿಲ್ಲ. ಜಾತಿ ಮೊದಲೇ ಬೇಡ ಅಂದಿತ್ತು, ಈಗ ಬೇನೆಯೂ ಬೇಡ ಅಂದಿತು. ಇಷ್ಟು ಕಟ್ಟಿಟ್ಟ ಮೇಲೆ ಎಂಟನೇ ಕಂತಿನಲ್ಲಿ ಅವರಿಬ್ಬರನ್ನು ಅಪ್ಪಿಕೊಳ್ಳಲು ಬಿಟ್ಟಿದ್ದರೆ ಉಳಿದ ಕಂತುಗಳಲ್ಲಿ ನಾನು ಏನು ಬರೆಯಲಿ? ಹೊಟಗಿಯನ್ನೇ ಆರಿಸಿದ್ದಕ್ಕೂ ಕಾರಣ ಇದೆ. ರಾಯಚೂರು ಕಡೆಯ ದೊಡ್ಡ ಗಾಡಿ ಒಂದು, ವಿಜಯಪುರದ ಮೇಲೆ ಗದಗಕ್ಕೆ ಹೋಗುವ ಸಣ್ಣ ಹಳಿಯ ಗಾಡಿ ಇನ್ನೊಂದು. ಗದಗದ ಹಾದಿ 1884ರದ್ದು. ಆಗ ಅಲ್ಲಿ ಇಳಿದು ಗಾಡಿ ಬದಲಿಸಲೇಬೇಕಿತ್ತು. ಅಂದರೆ ಆ ಹಾದಿಯಲ್ಲಿ ಕನ್ನಡ ಸೀಮೆಗೆ ಹೊರಟವರೆಲ್ಲ ರೇವಣನ ಮೇಜಿನ ಮುಂದೆ ಹಾದು ಹೋಗುತ್ತಾರೆ.

ಅಂದ ಹಾಗೆ, ಚಿತ್ರ ಬರೆದವರು ಶಿವಕ್ಕನಿಗೆ ಮೂರನೇ ಕಂತಿನಲ್ಲಿ ನೈಲಾನ್ ಸೀರೆ ಉಡಿಸಿದ್ದರು. ಅವಳು ಉಡುವುದು ಇಳಕಲ್ ಸೀರೆ, ತೊಡುವುದು ಖಣದ ಕುಪ್ಪಸ. ಆ ಪತ್ರಗಳನ್ನು ದಯವಿಟ್ಟು ಅವರಿಗೇ ಬರೆಯಿರಿ.

ಪ್ರಶ್ನೆ: ಭೀಮ್ಯಾ ಯಾಕೆ ಸತ್ತ? ಇಲಿ ಬಿದ್ದ ದಿನವೇ ಮನೆ ಬಿಟ್ಟರು. ಗುಡಿಸಲಿಗೆ ಬಂದು ಎಷ್ಟೋ ವಾರ ಆಗಿತ್ತು. ಅಲ್ಲಿ ಯಾರಿಗೂ ಬೇನೆ ಇರಲಿಲ್ಲ. ರೇವಣನೂ ಚೆನ್ನಾಗೇ ಇದ್ದ. ಓದುಗರ ಕಣ್ಣಲ್ಲಿ ನೀರು ತರಿಸಬೇಕು ಅಂತ ಸುಮ್ನೆ ಒಂಬತ್ತು ವರ್ಷದ ಹುಡುಗನನ್ನು ಕೊಂದಿರಾ?
ಓದುಗರೊಬ್ಬರು, ಇಂಡಿ. ಇದೇ ಪ್ರಶ್ನೆ ಕೇಳಿದವರು ಇನ್ನೂ ಹಲವರು.

ಉತ್ತರ: ಸುಮ್ನೆ ಕೊಂದಿಲ್ಲ. ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದೆ. ಹದಿನೇಳನೇ ಕಂತನ್ನು ಇನ್ನೊಮ್ಮೆ ತೆಗೆಯಿರಿ.

ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. 1896–97ರ ಬರ ನಮ್ಮ ಜಿಲ್ಲೆಯನ್ನು ಹಿಂಡಿತ್ತು. ಹಿಂಗಾರಿ ಜೋಳ ಕೈಗೆ ಬರಲು ಇನ್ನೂ ಎರಡು ತಿಂಗಳು ಇದೆ. ಗುಡಿಸಲಿನಲ್ಲಿ ಶಿವಕ್ಕನ ಅವ್ವ ರೊಟ್ಟಿಯ ಹಿಟ್ಟಿಗೆ ಹುಣಸೆಬೀಜದ ಹಿಟ್ಟು ಬೆರೆಸುತ್ತಿದ್ದಾಳೆ. ಇದನ್ನು ಕೇಳಿದ ರೇವಣ ಏನು ಮಾಡುತ್ತಾನೆ? ರಾತ್ರಿ ಊರೊಳಗೆ ಹೋಗಿ, ಬಾಗಿಲು ಹಾಕಿದ್ದ ಅಪ್ಪನ ಅಡತ ಅಂಗಡಿ ತೆಗೆದು, ಒಂದು ಗೋಣಿಚೀಲ ಜೋಳ ಹೊತ್ತು ತರುತ್ತಾನೆ. ಅಪ್ಪನಿಗೆ ಹೇಳದೆ. ಇಡೀ ಕಥೆಯಲ್ಲಿ ಅವನು ಮಾಡುವ ದೊಡ್ಡ ಪ್ರೀತಿಯ ಕೆಲಸ ಅದು. ಚೀಲವನ್ನು ಬೇಲಿಯ ಹತ್ತಿರ ಇಟ್ಟು, ನೀರಿನ ಕೊಡ ಇಟ್ಟಾಗಿನ ಹಾಗೇ ದೂರ ಸರಿಯುತ್ತಾನೆ. ಅವಳನ್ನು ಮುಟ್ಟುವುದಿಲ್ಲ. ಆ ರಾತ್ರಿ ಭೀಮ್ಯಾ ಆ ಚೀಲಕ್ಕೆ ತಲೆ ಕೊಟ್ಟು ಮಲಗುತ್ತಾನೆ. ಅವನಿಗೆ ಜ್ವರ ಬರುವುದು ಹದಿನೆಂಟನೇ ಕಂತಿನಲ್ಲಿ.

ಗಂಟಿನ ಪ್ಲೇಗು ಮುಟ್ಟಿದರೆ ಬರುವ ಬೇನೆ ಅಲ್ಲ. ಇಲಿಗೆ ಬರುತ್ತದೆ, ಇಲಿಯ ಚಿಗಟ ಅದನ್ನು ಸಾಗಿಸುತ್ತದೆ. ಇಲಿ ಸತ್ತು ಮೈ ತಣ್ಣಗಾದರೆ ಚಿಗಟ ಅದನ್ನು ಬಿಟ್ಟು ಇನ್ನೊಂದು ಬಿಸಿ ಮೈ ಹುಡುಕುತ್ತದೆ. ಇಲಿ ಸಿಗದಿದ್ದರೆ ಮನುಷ್ಯ. ಕಚ್ಚಿದ ಮೇಲೆ ಎರಡರಿಂದ ಏಳೆಂಟು ದಿನದೊಳಗೆ ಜ್ವರ, ಗಂಟು. ಮದ್ದಿಲ್ಲದ ಆ ಕಾಲದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಉಳಿಯುತ್ತಿರಲಿಲ್ಲ. ಕೆಮ್ಮಿನಿಂದ ಒಬ್ಬರಿಂದ ಒಬ್ಬರಿಗೆ ಹಾರುವುದು ಶ್ವಾಸಕೋಶಕ್ಕೆ ಇಳಿದ ಪ್ಲೇಗು. ಅದು ಬೇರೆ, ನನ್ನ ಕಥೆಯಲ್ಲಿ ಅದು ಇಲ್ಲ. ಕಾಳಿನ ಅಂಗಡಿ ಎಂದರೆ ಇಲಿಯ ತವರುಮನೆ. ಅಡತ ಅಂಗಡಿ ಮುಚ್ಚಿದ್ದೇ ಇಲಿ ಬಿದ್ದದ್ದಕ್ಕೆ, ಅದನ್ನು ಹದಿನಾರನೇ ಕಂತಿನಲ್ಲಿ ಒಂದು ಸಾಲಿನಲ್ಲಿ ಹೇಳಿದ್ದೇನೆ. ಕಾಳಿನ ಚೀಲ ಹೋದಲ್ಲಿ ಚಿಗಟವೂ ಹೋಗುತ್ತದೆ. ಪ್ಲೇಗು ಊರಿಂದ ಊರಿಗೆ ಹೋದ ಹಾದಿಗಳಲ್ಲಿ ಕಾಳಿನ ವ್ಯಾಪಾರವೂ ಒಂದು.

ಅಂದರೆ ರೇವಣ ಶಿವಕ್ಕನ ಕೈ ಹಿಡಿದಿದ್ದರೆ ಏನೂ ಆಗುತ್ತಿರಲಿಲ್ಲ. ತಬ್ಬಿಕೊಂಡಿದ್ದರೂ ಆಗುತ್ತಿರಲಿಲ್ಲ. ತಿಂಗಳುಗಟ್ಟಲೆ ಅವನು ಯಾವುದನ್ನು ಬಿಟ್ಟನೋ ಅದರಲ್ಲಿ ಅಪಾಯ ಇರಲಿಲ್ಲ. ಯಾವುದನ್ನು ಕೊಟ್ಟನೋ ಅದರಲ್ಲಿ ಇತ್ತು. ನಾನು ಈ ಕಾದಂಬರಿ ಬರೆದದ್ದೇ ಇದಕ್ಕಾಗಿ.

ಇದು ಕಥೆಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿರಲು ಸಾಧ್ಯವೂ ಇರಲಿಲ್ಲ. ಯೆರ್ಸಿನ್ ಅನ್ನುವ ವಿಜ್ಞಾನಿ ಹಾಂಗ್‌ಕಾಂಗಿನಲ್ಲಿ ಪ್ಲೇಗಿನ ಕ್ರಿಮಿ ಕಂಡುಹಿಡಿದಿದ್ದು 1894ರಲ್ಲಿ. ಆದರೆ ಅದು ಮನುಷ್ಯನೊಳಗೆ ಹೇಗೆ ಬರುತ್ತದೆ ಅನ್ನುವುದು ತಿಳಿದಿರಲಿಲ್ಲ. ನೆಲದಿಂದ, ಕೊಳಕಿನಿಂದ, ಗಾಳಿಯಿಂದ, ಬಟ್ಟೆಯಿಂದ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಅದಕ್ಕೇ ಮನೆಯ ನೆಲ ಅಗೆದರು, ಸುಣ್ಣ ಬಳಿದರು, ಬಿಸಿಲು ಬೀಳಲಿ ಅಂತ ಮೇಲ್ಚಾವಣಿಗೆ ತೂತು ಹಾಕಿದರು. ಚಿಗಟ ಅಂತ ಮೊದಲು ಹೇಳಿದ್ದು ಫ್ರಾನ್ಸಿನ ಸಿಮೊಂಡ್. 1898ರಲ್ಲಿ ಕರಾಚಿಯಲ್ಲಿ ಬೇನೆಯ ಇಲಿ, ಆರೋಗ್ಯದ ಇಲಿ ಎರಡನ್ನೂ ಒಂದನ್ನೊಂದು ಮುಟ್ಟಲಾಗದ ಹಾಗೆ ಬೇರೆ ಬೇರೆ ಇಟ್ಟ. ಚಿಗಟ ಮಾತ್ರ ನೆಗೆಯಬಹುದಾಗಿತ್ತು. ಎರಡನೆಯದಕ್ಕೂ ಪ್ಲೇಗು ಬಂತು. ಆದರೂ ದೊಡ್ಡವರು ವರ್ಷಗಟ್ಟಲೆ ಅವನ ಮಾತು ನಂಬಲಿಲ್ಲ.

ನಮ್ಮ ಅಜ್ಜಿಯಂಥವರಿಗೆ ಅರ್ಧ ಗೊತ್ತಿತ್ತು, ನೋಡಿ. ಇಲಿ ಬಿದ್ದರೆ ಮನೆ ಬಿಡಬೇಕು ಅನ್ನುವುದು ಯಾವ ಡಾಕ್ಟರೂ ಹೇಳಿಕೊಟ್ಟದ್ದಲ್ಲ. ಆದರೆ ಮನೆಯಿಂದ ಕಾಳಿನ ಚೀಲ ತರಬಾರದು ಅನ್ನುವ ಇನ್ನರ್ಧ ಅವರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೊಟ್ಟೆಗೆ ಏನು ಮಾಡುತ್ತಿದ್ದರು?

ಪ್ರಶ್ನೆ: ಬೇಸಿಗೆ ಬಂದ ಕೂಡಲೇ ಪ್ಲೇಗು ತಾನಾಗಿಯೇ ನಿಂತಿತು ಅಂತ ಬರೆದಿದ್ದೀರಿ. ಕಥೆ ಮುಗಿಸಲು ಅನುಕೂಲ ಮಾಡಿಕೊಂಡಿರಾ?
ವಿದ್ಯಾರ್ಥಿಯೊಬ್ಬರು, ಬೆಂಗಳೂರು

ಉತ್ತರ: ನಮ್ಮ ಬಿಸಿಲು ನೀವು ನೋಡಿಲ್ಲ! ಮೇ ತಿಂಗಳಲ್ಲಿ ಸೊಲ್ಲಾಪುರದ ಬಿಸಿ 42–43 ಡಿಗ್ರಿ ದಾಟುವುದುಂಟು. ಒಣ ಬಿಸಿಗೆ ಚಿಗಟ ಬದುಕುವುದಿಲ್ಲ. ದಖ್ಖನ್ನಿನಲ್ಲಿ ಪ್ಲೇಗು ಮಳೆಗಾಲದಲ್ಲಿ ಏಳುತ್ತಿತ್ತು, ಚಳಿಯಲ್ಲಿ ಹಬ್ಬುತ್ತಿತ್ತು, ಬೇಸಿಗೆಗೆ ಇಳಿಯುತ್ತಿತ್ತು. ಮತ್ತೆ ಮಳೆಗೆ ಬರುತ್ತಿತ್ತು. ಜನ ಊರಿಗೆ ಮರಳಿ ಮಾಳಿಗೆಗೆ ಮಣ್ಣು ಹೊದಿಸುವ ದೃಶ್ಯ ಬರೆದದ್ದು ಅದಕ್ಕೇ. ಬೇನೆ ಮುಗಿಯಿತು ಅಂತ ನಾನು ಎಲ್ಲೂ ಹೇಳಿಲ್ಲ.

ಪ್ರಶ್ನೆ: ಪ್ಲೇಗು ಅಂದರೆ ಪುಣೆ, ರ‍್ಯಾಂಡ್, ಚಾಪೇಕರ್ ಸಹೋದರರು. ಅದನ್ನು ಬಿಟ್ಟು ಸೊಲ್ಲಾಪುರ ಯಾಕೆ? ಅಲ್ಲಿ ಕಥೆಗೆ ಇನ್ನೂ ಬಿಸಿ ಇರುತ್ತಿತ್ತಲ್ಲ?
ಓದುಗರೊಬ್ಬರು, ಬೆಳಗಾವಿ

ಉತ್ತರ: ಜಾಸ್ತಿ ಬಿಸಿ ಇದೆ ಅಂತಲೇ ಬಿಟ್ಟೆ. ಪುಣೆಯಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡ್ ಮನೆ ಮನೆಗೆ ಸೈನಿಕರನ್ನು ನುಗ್ಗಿಸಿದ. 1897ರ ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಅರವತ್ತನೇ ವರ್ಷದ ಉತ್ಸವ ಮುಗಿಸಿ ಬರುವಾಗ ಚಾಪೇಕರ್ ಸಹೋದರರು ಅವನ ಮೇಲೆ ಗುಂಡು ಹಾರಿಸಿದರು. ಆ ಊರಿನಲ್ಲಿ ನನ್ನ ಕಥೆ ಇಟ್ಟರೆ ಪಿಸ್ತೂಲಿನ ಸದ್ದಿಗೆ ಶಿವಕ್ಕನ ಮಾತು ಕೇಳಿಸುವುದಿಲ್ಲ. ಓದುವವರೂ ಜೂನ್ 22 ಯಾವಾಗ ಬರುತ್ತದೆ ಅಂತ ಪುಟ ತಿರುಗಿಸುತ್ತಿರುತ್ತಾರೆ.

ಆದರೆ ಪುಣೆಯಿಂದ ಒಂದನ್ನು ತಂದಿದ್ದೇನೆ. ಶಿವಕ್ಕ ಜ್ವರ ಬಂದ ತಮ್ಮನನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಯ ಗುಡಾರಕ್ಕೆ ನಡೆಯುತ್ತಾಳಲ್ಲ, ಅದು ಸಾವಿತ್ರಿಬಾಯಿ ಫುಲೆ ಅವರಿಗೆ ನನ್ನ ನಮಸ್ಕಾರ. ಅವರ ಮಗ ಯಶವಂತ ಹಡಪಸರದ ಹತ್ತಿರ ಪ್ಲೇಗು ರೋಗಿಗಳಿಗೆ ದವಾಖಾನೆ ತೆರೆದಿದ್ದರು. ಮುಂಡವಾದಲ್ಲಿ ಒಬ್ಬ ಹುಡುಗನಿಗೆ ಬೇನೆ ಬಂದಿದೆ ಅಂತ ತಿಳಿದು ಸಾವಿತ್ರಿಬಾಯಿ ಅವನನ್ನು ಹೊತ್ತು ತಂದರು. ಹುಡುಗ ಉಳಿದ. ಅವರಿಗೆ ಪ್ಲೇಗು ಬಂತು, 1897ರ ಮಾರ್ಚ್ 10ರಂದು ತೀರಿಕೊಂಡರು. ಆಗ ಅವರಿಗೆ 66 ವರ್ಷ. ಶಾಲೆಯಲ್ಲಿ ಪ್ರತಿ ಜನವರಿ 3ಕ್ಕೆ ಅವರ ಜಯಂತಿ ಮಾಡುತ್ತಿದ್ದೆವು. ಹೆಣ್ಣುಮಕ್ಕಳಿಗೆ ಮೊದಲ ಶಾಲೆ, ಸೆಗಣಿ ಎರಚಿದ ಜನ, ಇವಿಷ್ಟನ್ನು ಮಕ್ಕಳು ಬಾಯಿಪಾಠ ಹೇಳುತ್ತಿದ್ದರು. ಈ ಕೊನೆಯ ನಡಿಗೆಯನ್ನು ಯಾರೂ ಹೇಳುತ್ತಿರಲಿಲ್ಲ. ನನಗೆ ಅದೇ ಎಲ್ಲಕ್ಕಿಂತ ದೊಡ್ಡದು ಅನಿಸುತ್ತದೆ.

ಪ್ರಶ್ನೆ: ಆ ಕಾಲದ ಸೊಲ್ಲಾಪುರ ಕಣ್ಣಿಗೆ ಕಟ್ಟಿದ ಹಾಗಿದೆ. ಯಾವ ಯಾವ ದಾಖಲೆ ನೋಡಿದಿರಿ?
ಓದುಗರೊಬ್ಬರು, ಕಾಸರಗೋಡು

ಉತ್ತರ: ಊರಿನ ಬೀದಿ, ಪೇಟೆ, ಬಾವಿಗಳಿಗೆ 1884ರ ಸೊಲ್ಲಾಪುರ ಗೆಜೆಟಿಯರ್. ಪ್ಲೇಗಿಗೆ ಹದಿಮೂರು ವರ್ಷ ಹಿಂದಿನದಾದರೂ ಊರಿನ ಮೈಕಟ್ಟು ಅದೇ. ಗಾಡಿ 1860ಕ್ಕೇ ಬಂದಿತ್ತು, ಹಳೇ ಮಿಲ್ಲು 1877ರದ್ದು. ಪ್ಲೇಗಿನ ವಿವರಕ್ಕೆ 1898–99ರ ಪ್ಲೇಗು ಆಯೋಗದ ಸಾಕ್ಷ್ಯದ ಸಂಪುಟಗಳು. ದಪ್ಪ ದಪ್ಪ ಪುಸ್ತಕ. ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ, ಈ ಅಂಕಣದ ಹಾಗೇ. ಓದುತ್ತಾ ಓದುತ್ತಾ ಒಂದು ಕಾಣುತ್ತದೆ. ಅಲ್ಲಿ ಡಾಕ್ಟರು ಮಾತಾಡುತ್ತಾರೆ, ಕಲೆಕ್ಟರು ಮಾತಾಡುತ್ತಾರೆ. ಗುಡಿಸಲಿನಲ್ಲಿ ಇದ್ದವರು ಎಣಿಕೆಗೆ ಮಾತ್ರ ಸಿಗುತ್ತಾರೆ. ಅವರು ಏನು ಉಂಡರು, ನೀರು ಯಾರು ತಂದುಕೊಟ್ಟರು, ರಾತ್ರಿ ಯಾರ ಪಕ್ಕ ಯಾರು ಮಲಗಿದರು ಅನ್ನುವುದೆಲ್ಲ ನನ್ನ ಪಾಲಿಗೆ ಬಿಟ್ಟದ್ದು. ಕಾದಂಬರಿಕಾರರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೇ?

ಪ್ರಶ್ನೆ: ಹುಬ್ಬಳ್ಳಿಗೆ ಹೋದ ರೇವಣ ಪ್ಲೇಗಿನ ಚುಚ್ಚುಮದ್ದು ಹಾಕಿಸಿಕೊಳ್ಳುತ್ತಾನೆ. ಆಗಲೇ ಲಸಿಕೆ ಇತ್ತೇ? ನಂಬಲು ಕಷ್ಟ.
ಓದುಗರೊಬ್ಬರು, ಹಾವೇರಿ

ಉತ್ತರ: ಇತ್ತು. ಹಾಫ್‌ಕಿನ್ ಅನ್ನುವ ವಿಜ್ಞಾನಿ ಮುಂಬೈಯಲ್ಲಿ ತಯಾರು ಮಾಡಿದ. ಮೊದಲು ಚುಚ್ಚಿಕೊಂಡದ್ದು ತನಗೇ, 1897ರ ಜನವರಿ 10ರಂದು. ಅಂದರೆ ನನ್ನ ಕಥೆಯ ಜಾತ್ರೆಯ ವಾರವೇ. ಆಮೇಲೆ ಬೈಕುಲ್ಲಾ ಜೈಲಿನ ಕೈದಿಗಳ ಮೇಲೆ ಪರೀಕ್ಷೆ ನಡೆಯಿತು. 1898ರಲ್ಲಿ ಹುಬ್ಬಳ್ಳಿಗೆ ಪ್ಲೇಗು ಜೋರಾಗಿ ಬಡಿಯಿತು, ಆಗ ಅಲ್ಲಿ ಹತ್ತಾರು ಸಾವಿರ ಜನ ಸೂಜಿ ಹಾಕಿಸಿಕೊಂಡರು. ಹಾಕಿಸಿಕೊಂಡವರಿಗೆ ಚೀಟಿ ಕೊಡುತ್ತಿದ್ದರು. ತೋಳು ಬಾತು, ಒಂದೆರಡು ದಿನ ಜ್ವರ. ಪೂರ್ತಿ ಕಾಪಾಡುತ್ತಿರಲಿಲ್ಲ, ಆದರೆ ಸಾವು ಕಡಿಮೆಯಾಯಿತು.

ಭಯ ಇತ್ತು, ಗಾಳಿಸುದ್ದಿಯೂ ಇತ್ತು. ಆಸ್ಪತ್ರೆಯಲ್ಲಿ ರೋಗಿಗಳನ್ನು ಕೊಂದು ಮೈಯಿಂದ ಎಣ್ಣೆ ತೆಗೆಯುತ್ತಾರೆ ಅನ್ನುವ ಸುದ್ದಿ ಮುಂಬೈಯಲ್ಲಿ ಹಬ್ಬಿತ್ತು. 1896ರ ಅಕ್ಟೋಬರಿನಲ್ಲಿ ಮಿಲ್ಲಿನ ಕೂಲಿಗಳು ಆರ್ಥರ್ ರೋಡ್ ಆಸ್ಪತ್ರೆಗೆ ನುಗ್ಗಿದ್ದರು. ಜನರ ಭಯವನ್ನು ಸುಮ್ನೆ ಮೂಢನಂಬಿಕೆ ಅಂತ ತಳ್ಳಿಹಾಕಬೇಡಿ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್‌ನಲ್ಲಿ ಕೆಟ್ಟ ಬಾಟಲಿಯೊಂದರ ಲಸಿಕೆಯಿಂದ 19 ಜನ ಧನುರ್ವಾಯು ಬಂದು ಸತ್ತರು. ಅಪವಾದ ಹಾಫ್‌ಕಿನ್ ತಲೆಗೆ ಬಂತು. ಅವನ ತಪ್ಪಲ್ಲ ಅಂತ ತೀರ್ಮಾನ ಆಗಲು ವರ್ಷಗಳೇ ಹಿಡಿದವು.

ರೇವಣ ಸೂಜಿ ಹಾಕಿಸಿಕೊಂಡದ್ದು ಧೈರ್ಯದಿಂದ ಅಂತ ಕೆಲವರು ಮೆಚ್ಚಿದ್ದೀರಿ. ನನ್ನ ಪ್ರಕಾರ ಅಲ್ಲ. ಚೀಟಿ ಇದ್ದರೆ ತಡೆಯಿಲ್ಲದೆ ಸೊಲ್ಲಾಪುರಕ್ಕೆ ಹೋಗಿಬರಬಹುದು ಅನ್ನುವ ಆಸೆಗೆ ಹಾಕಿಸಿಕೊಂಡ. ಹೋಗಲಿಲ್ಲ ಅನ್ನುವುದು ಬೇರೆ ಮಾತು.

ಪ್ರಶ್ನೆ: ಬಾಯಾರೇ, ನಿಮ್ಮ ಹಳೇ ವಿದ್ಯಾರ್ಥಿ ನಾನು. ಕ್ಲಾಸಿನಲ್ಲಿ ನಾವು ಮರಾಠಿ ಬೆರೆಸಿದರೆ ಬೈಯುತ್ತಿದ್ದಿರಿ. ಈಗ ನಿಮ್ಮ ಪಾತ್ರಗಳು ಅರ್ಧ ಮರಾಠಿ ಮಾತಾಡುತ್ತವಲ್ಲ?
ಅಕ್ಕಲಕೋಟ

ಉತ್ತರ: ಪರೀಕ್ಷೆಯಲ್ಲಿ ಬೆರೆಸಬೇಡ ಅಂದಿದ್ದೆ, ಪೇಟೆಯಲ್ಲಿ ಅಲ್ಲ. ನಿನ್ನ ಅಕ್ಷರ ಇನ್ನೂ ಸುಧಾರಿಸಿಲ್ಲ ತಮ್ಮಾ.

ಪ್ರಶ್ನೆ: ಚೀಲದ ಗುಟ್ಟು ನನಗೆ ಓದುವಾಗಲೇ ಹೊಳೆಯಿತು, ಎರಡು ದಿನ ನಿದ್ದೆ ಬರಲಿಲ್ಲ. ಒಂದೇ ಪ್ರಶ್ನೆ. ರೇವಣನಿಗೆ ಇದು ಎಂದಾದರೂ ಗೊತ್ತಾಯಿತೇ?
ನಿವೃತ್ತ ನರ್ಸೊಬ್ಬರು, ರಾಯಚೂರು

ಉತ್ತರ: ಅಕ್ಕಾ, ನೀವು ನರ್ಸು, ನಿಮಗೆ ಹೊಳೆಯದೆ ಇನ್ಯಾರಿಗೆ ಹೊಳೆಯಬೇಕು!

ಗೊತ್ತಾಗುವ ಸಾಧ್ಯತೆ ಇತ್ತು. 1905ರಲ್ಲಿ ಮುಂಬೈಯ ಪರೇಲಿನ ಪ್ರಯೋಗಾಲಯದಲ್ಲಿ ಹೊಸ ತಂಡವೊಂದು ಕೂತಿತು. ಅವರು ಮಾಡಿದ ಪ್ರಯೋಗ ಬಹಳ ಸರಳ. ಪ್ಲೇಗು ಬಂದ ಮನೆಯೊಳಗೆ ಗಿನಿಯಿಲಿಗಳನ್ನು ಪಂಜರದಲ್ಲಿ ಇಟ್ಟರು. ಕೆಲವು ನೆಲಕ್ಕೆ ಹತ್ತಿರ, ಕೆಲವು ಮೇಲೆ. ಗಾಳಿ ಎರಡಕ್ಕೂ ಒಂದೇ. ನೆಲದ ಹತ್ತಿರ ಇದ್ದವು ಸತ್ತವು, ಮೇಲಿದ್ದವು ಉಳಿದವು. ಚಿಗಟ ಎಷ್ಟು ಎತ್ತರ ನೆಗೆಯುತ್ತದೋ ಅಷ್ಟೇ ಲೆಕ್ಕ. ಸುತ್ತ ಅಂಟಿನ ಕಾಗದ ಹಾಸಿದರೆ ಚಿಗಟ ಅದಕ್ಕೆ ಸಿಕ್ಕಿಕೊಂಡು ಪ್ರಾಣಿ ಉಳಿಯುತ್ತಿತ್ತು. ಹೀಗೆ ಸಿಮೊಂಡ್ ಹೇಳಿದ್ದು ನಿಜ ಅಂತ ಎಲ್ಲರೂ ಒಪ್ಪಿದರು.

ಆ ಹೊತ್ತಿಗೆ ರೇವಣನಿಗೆ ಮೂವತ್ತು ದಾಟಿರುತ್ತದೆ. ರೈಲ್ವೆ ಕಾರಕೂನ, ಓದು ಬಲ್ಲವನು, ಆಫೀಸಿಗೆ ಪೇಪರು ಬರುತ್ತದೆ. ಇಲಿ, ಚಿಗಟ, ಕಾಳಿನ ಚೀಲ ಅಂತ ಸರ್ಕಾರದ ಸೂಚನಾಪತ್ರ ಅವನ ಮೇಜಿನ ಮೇಲೇ ಬಂದಿರಬಹುದು. ಆ ಅಧ್ಯಾಯವನ್ನು ನಾನು ಬರೆದಿದ್ದೆ. ಸಂಪಾದಕರಿಗೆ ಕಳಿಸಿಯೂ ಇದ್ದೆ. ಅವರಿಗೆ ಅದು ಬಹಳ ಹಿಡಿಸಿತ್ತು. ನಾನೇ ವಾಪಸು ತೆಗೆದುಕೊಂಡೆ. ಅವನಿಗೆ ಗೊತ್ತಾದರೆ ಕಥೆ ಅವನದಾಗಿಬಿಡುತ್ತದೆ, ಅವನ ಪಶ್ಚಾತ್ತಾಪದ ಕಥೆ. ಶಿವಕ್ಕ ಹಿಂದೆ ಸರಿಯುತ್ತಾಳೆ. ಕುಂಬಾರರ ಹುಡುಗಿಯ ಕಥೆಯಲ್ಲಿ ಎಲ್ಲ ಮಾತೂ ಗಂಡಸಿನ ಕಡೆಗೇ ಹೋಗುವುದು ಒಂಬೈನೂರು ವರ್ಷದಿಂದ ನಡೆದಿದೆ. ಇನ್ನೊಂದು ಬೇಡ ಅನ್ನಿಸಿತು. ಶಿವಕ್ಕನಿಗಂತೂ ಆ ಜೋಳ ಕಷ್ಟಕಾಲದಲ್ಲಿ ಬಂದ ಜೋಳ. ಬೀಜಕ್ಕೆ ಅಂತ ಒಂದು ಗಡಿಗೆ ತೆಗೆದಿಟ್ಟಿದ್ದಳು, ಮುಂದಿನ ಹಿಂಗಾರಿಗೆ ಬಿತ್ತಿದಳು. ಕೊನೆಯ ಕಂತಿನಲ್ಲಿ ಅವಳ ಮನೆಯವರು ಉಣ್ಣುವ ರೊಟ್ಟಿ ಅದರದ್ದೇ.

ಪ್ರಶ್ನೆ: ನಮ್ಮ ಮುತ್ತಜ್ಜಿ ಪ್ಲೇಗಮ್ಮನ ಮೇಲೆ ಹಾಡು ಹೇಳುತ್ತಿದ್ದರಂತೆ. ನನ್ನ ದೊಡ್ಡಮ್ಮನಿಗೆ ಅರ್ಧ ನೆನಪಿದೆ. ಬರೆದು ಕಳಿಸಲೇ? ನಿಮ್ಮ ಮುಂದಿನ ಕಾದಂಬರಿಗೆ ಆಗಬಹುದು.
ಓದುಗರೊಬ್ಬರು, ಜತ್ತ

ಉತ್ತರ: ಮುಂದಿನ ಕಾದಂಬರಿ ಪ್ಲೇಗಿನದಲ್ಲ, ನನಗೂ ಸ್ವಲ್ಪ ನಗು ಬೇಕಾಗಿದೆ. ಆದರೂ ಕಳಿಸಿ. ಒಂದೆರಡು ಮಾತು ಕೇಳಿ. ದೊಡ್ಡಮ್ಮ ಹೇಳಿದ ಹಾಗೇ ಬರೆಯಿರಿ, ಪ್ರಾಸ ಕೂರಿಸಲು ಹೋಗಬೇಡಿ. ಮರೆತ ಜಾಗ ಖಾಲಿ ಬಿಡಿ, ನೀವು ತುಂಬಬೇಡಿ. ಮೊಬೈಲಿನಲ್ಲಿ ಅವರ ದನಿ ಹಿಡಿದಿಟ್ಟರೆ ಇನ್ನೂ ಒಳ್ಳೆಯದು. ಹಾಡಿನ ಜೊತೆ ಮುತ್ತಜ್ಜಿ ಯಾವ ಊರಿನವರು, ಯಾವ ಊರಿಗೆ ಸೊಸೆಯಾಗಿ ಬಂದರು, ಹಾಡು ತವರಿನದೋ ಗಂಡನ ಮನೆಯದೋ ಅಂತಲೂ ಕೇಳಿ ಬರೆಯಿರಿ. ಪ್ಲೇಗು ಬಂದಾಗ ಅವರ ಊರಿನವರು ಯಾವ ಹೊಲದಲ್ಲಿ ಗುಡಿಸಲು ಹಾಕಿದ್ದರು ಅಂತ ದೊಡ್ಡಮ್ಮನಿಗೆ ಗೊತ್ತಿದ್ದರೆ ಅದೂ ಬೇಕು. ನಮ್ಮ ಕಡೆ ಎಷ್ಟೋ ಹೊಲಗಳನ್ನು ಇವತ್ತಿಗೂ ಆ ಗುಡಿಸಲುಗಳಿಂದಲೇ ಗುರುತಿಸುತ್ತಾರೆ. ವಿಳಾಸ ಪತ್ರಿಕೆಯದ್ದೇ ಸಾಕು, ಅವರು ನನಗೆ ಮುಟ್ಟಿಸುತ್ತಾರೆ.